ಮಾಳಿಗೆ ಮೇಲೆ ಥೈಮ್, ಡಬ್ಬಿಯಲ್ಲಿ ಅಜವಾನ

ಬಿಜಾಪುರದಂಥ ಊರಿನಲ್ಲಿ ಒಂದು ಗಿಡ ಕುಂಡದಲ್ಲಿ ಕೂತು ನೀರು ಕುಡಿಯಬೇಕಾದರೆ ಅದು ಯಾವುದಾದರೂ ಕೆಲಸಕ್ಕೆ ಬರಬೇಕು. ನಮ್ಮ ಓಣಿಯ ಹೆಣ್ಣುಮಕ್ಕಳ ಲೆಕ್ಕ ಇದು. ತುಳಸಿ ಪೂಜೆಗೆ ಆಯ್ತು, ಕರಿಬೇವು ಒಗ್ಗರಣೆಗೆ ಆಯ್ತು, ದೊಡ್ಡಪತ್ರೆ ಮಕ್ಕಳ ನೆಗಡಿಗೆ ಆಯ್ತು, ಮಲ್ಲಿಗೆ ತಲೆಗೆ ಆಯ್ತು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕೊಡ ಹಿಡಿದು ಕಾದವರು ನಾವು. ಸುಮ್ನೆ ಚೆಂದ ಕಾಣಲಿ ಅಂತ ಗಿಡ ಇಟ್ಟುಕೊಳ್ಳುವುದು ಇಲ್ಲಿ ಸ್ವಲ್ಪ ಶೋಕಿಯ ಮಾತೇ. ಹಾಗಾಗಿ ನಮ್ಮ ಮಾಳಿಗೆಯ ಮೇಲೆ ಗೇಣುದ್ದದ, ಬೂದುಹಸಿರು ಬಣ್ಣದ, ನೋಡಿದರೆ ಕಸವೇ ಇರಬೇಕು ಅನ್ನಿಸುವ ಥೈಮ್ ಗಿಡ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇದು ಎದಕ್ಕ ಬರತದರೀ ವೈನಿ?"

ನಿಂತಲ್ಲೇ ಹೇಳಿ ಮುಗಿಸುವ ಉತ್ತರ ಅಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊಬೈಲಿನಲ್ಲಿ ಹುಡುಕಿದರೆ ಉತ್ತರಕ್ಕೇನೂ ಬರ ಇಲ್ಲ. ಥೈಮ್ ಕೆಮ್ಮಿಗೆ ಒಳ್ಳೆಯದು, ಬಿ.ಪಿ.ಗೆ ಒಳ್ಳೆಯದು, ಕೂದಲಿಗೆ, ಮೊಡವೆಗೆ, ಕೀಲುನೋವಿಗೆ, ನಿದ್ದೆಗೆ, ಕಡೆಗೆ ಕ್ಯಾನ್ಸರಿಗೂ. ಇಷ್ಟೆಲ್ಲ ಒಂದೇ ಗಿಡ ಮಾಡಿಕೊಡುವಂತಿದ್ದರೆ ನಮ್ಮ ಜಿಲ್ಲಾ ಆಸ್ಪತ್ರೆಯ ಮುಂದೆ ಅಷ್ಟು ಸಾಲು ಯಾಕಿರುತ್ತಿತ್ತು? ನನ್ನ ಪ್ರಕಾರ ಥೈಮ್ ಮೊದಲು ಅಡುಗೆಮನೆಯ ಗಿಡ. ಕೆಮ್ಮು ನೆಗಡಿಯಲ್ಲಿ ಸ್ವಲ್ಪ ಆಸರೆ. ಉಳಿದದ್ದರಲ್ಲಿ ಅರ್ಧ ಉತ್ಪ್ರೇಕ್ಷೆ, ಇನ್ನರ್ಧ ಸಣ್ಣಪುಟ್ಟ ಮನೆಗೆಲಸ. ಹೀಗೆ ಹೇಳಿದರೆ ಗಿಡದ ಮರ್ಯಾದೆ ಕಡಿಮೆ ಆಗುವುದಿಲ್ಲ ಅಂತ ನಂಬಿದ್ದೇನೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಥೈಮ್ ಪರದೇಶದ್ದು, ಪಿಜ್ಜಾದ ಮೇಲೆ ಉದುರಿಸುವಂಥದ್ದು, ನಮಗೂ ಅದಕ್ಕೂ ಏನು ಸಂಬಂಧ ಅಂದುಕೊಳ್ಳುವವರು ಜಾಸ್ತಿ. ಆದರೆ ನಮ್ಮ ಮೂಗಿಗೆ ಅದು ಹೊಸದಲ್ಲ. ಸಂಜೆ ಹೊತ್ತು ಯಾವುದಾದರೂ ಮಿರ್ಚಿ ಭಜಿ ಗಾಡಿಯ ಹತ್ತಿರ ನಿಂತು ನೋಡಿ. ಕಾದ ಎಣ್ಣೆಗೆ ಹಿಟ್ಟು ಬಿದ್ದ ಕೂಡಲೇ ಏಳುತ್ತದಲ್ಲ ಆ ಘಮ, ಅದರಲ್ಲಿ ಅರ್ಧ ಪಾಲು ಕಡಲೆಹಿಟ್ಟಿಗೆ ಉಜ್ಜಿ ಹಾಕಿದ ಅಜವಾನದ್ದು, ಅಂದರೆ ಓಂಕಾಳಿನದ್ದು. ಥೈಮ್ ಎಲೆ ತಿಕ್ಕಿ ಮೂಸಿದರೆ ಬರುವುದೂ ಹೆಚ್ಚುಕಡಿಮೆ ಅದೇ ವಾಸನೆ. ನಮ್ಮ ಅತ್ತೆಯವರು ಮೊದಲ ಸಲ ಎರಡು ಎಲೆ ಬೆರಳ ನಡುವೆ ತಿಕ್ಕಿ, ಮೂಗಿಗೆ ಹಿಡಿದು, ಕನ್ನಡಕ ಸರಿ ಮಾಡಿಕೊಂಡು ಗಿಡವನ್ನು ಮತ್ತೊಮ್ಮೆ ನೋಡಿ, "ಅಜವಾನನ ಅಲ್ಲೇನವಾ ಇದು? ಎಲಿ ಹಚಗೊಂಡು ಬಂದದ ಅಷ್ಟ" ಅಂದರು.

ಅತ್ತೆ ಹೇಳಿದ್ದಕ್ಕೆ ರಸಾಯನಶಾಸ್ತ್ರದ ಆಧಾರವೂ ಉಂಟು. ಎರಡರಲ್ಲೂ ಇರುವುದು ಥೈಮಾಲ್ ಎಂಬ ಒಂದೇ ವಸ್ತು. 1719ರಲ್ಲಿ ಕ್ಯಾಸ್ಪರ್ ನ್ಯೂಮನ್ ಎಂಬ ಜರ್ಮನ್ ರಸಾಯನ ವಿಜ್ಞಾನಿ ಥೈಮ್ ಎಣ್ಣೆಯಿಂದ ಅದನ್ನು ಬೇರ್ಪಡಿಸಿದ. ಬಿಳಿ ಹರಳು, 50 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುತ್ತದೆ. ಹಳೆ ಕಾಲದ ಔಷಧಿ ಅಂಗಡಿಗಳಲ್ಲಿ ಅಜವಾನದ ಹೂವು ಅಂತ ಮಾರುತ್ತಿದ್ದ ಹರಳೂ ಅದೇ. ಪುದೀನ ಹರಳು, ಕರ್ಪೂರ, ಅಜವಾನದ ಹೂವು, ಈ ಮೂರನ್ನು ಒಂದು ಸೀಸೆಯಲ್ಲಿ ಹಾಕಿ ಕುಲುಕಿದರೆ ತಾವಾಗಿಯೇ ಕರಗಿ ನೀರಾಗುತ್ತವೆ. ಅಮೃತಧಾರೆ ಅಂತ ಹಿರಿಯರ ಕಪಾಟಿನಲ್ಲಿ ಇರುತ್ತಿದ್ದ ಆ ಸಣ್ಣ ಸೀಸೆ ಇದೇ.

ವಿಚಿತ್ರ ಅಂದರೆ ಈ ಎರಡೂ ಗಿಡ ಒಂದೇ ಮನೆತನದವಲ್ಲ. ಥೈಮ್ ನಮ್ಮ ತುಳಸಿ, ಪುದೀನ, ದೊಡ್ಡಪತ್ರೆಯ ಕುಟುಂಬದ್ದು. ಅಜವಾನ ಕೊತ್ತಂಬರಿ, ಜೀರಿಗೆ, ಸೋಂಪಿನ ಕುಟುಂಬದ್ದು. ದೊಡ್ಡಪತ್ರೆಯಲ್ಲೂ ಥೈಮಾಲ್ ಇದೆ, ಜೊತೆಗೆ ಅದರ ಅಣ್ಣನಂಥ ಕಾರ್ವಕ್ರಾಲ್ ಇದೆ. ಹಾಗಾಗಿಯೇ ಅದರ ಎಲೆ ಮುರಿದಾಗಲೂ ಅಜವಾನದ ವಾಸನೆ. ಮೊದಲನೇ ಮಹಾಯುದ್ಧಕ್ಕೆ ಮುಂಚೆ ನಮ್ಮ ದೇಶದ ಅಜವಾನ ಹಡಗು ಹತ್ತಿ ಜರ್ಮನಿಗೆ ಹೋಗುತ್ತಿತ್ತು. ಅಲ್ಲಿ ಅದನ್ನು ಬಟ್ಟಿ ಇಳಿಸಿ ಥೈಮಾಲ್ ತೆಗೆಯುತ್ತಿದ್ದರು. ಥೈಮ್ ಬೆಳೆಯುವ ಯುರೋಪಿಗೇ ನಮ್ಮ ಅಜವಾನ ಬೇಕಾಗಿತ್ತು. ಕಾರಣ ಸರಳ. ಒಣಗಿದ ಥೈಮ್ ಎಲೆಯಲ್ಲಿ ಸುವಾಸನೆಯ ಎಣ್ಣೆ ಶೇ 1ರಿಂದ 2.5ರಷ್ಟು, ಅಜವಾನದ ಕಾಳಿನಲ್ಲಿ ಶೇ 2ರಿಂದ 4ರಷ್ಟು.

ಇದೇ ಕಾರಣಕ್ಕೆ ಅಡುಗೆಯಲ್ಲಿ ಎರಡೂ ಒಂದೇ ಥರ ನಡೆದುಕೊಳ್ಳುವುದಿಲ್ಲ. ಅಜವಾನ ಕಾಳು ಹಲ್ಲಿಗೆ ಸಿಕ್ಕರೆ ಚುರ್ ಅನ್ನುತ್ತದೆ, ನಾಲಿಗೆ ಜೋಮು ಹಿಡಿದ ಹಾಗಾಗುತ್ತದೆ. ಚಿಟಿಕೆಗಿಂತ ಜಾಸ್ತಿ ಬಿದ್ದರೆ ಇಡೀ ಪಲ್ಯ ಔಷಧಿ ಅನ್ನಿಸುತ್ತದೆ. ಥೈಮ್ ಹಾಗಲ್ಲ. ಅದಕ್ಕೆ ಆತುರ ಇಲ್ಲ. ಸಣ್ಣ ಉರಿಯಲ್ಲಿ ಅರ್ಧ ತಾಸು ಕುದ್ದರೂ ರುಚಿ ಉಳಿಯುತ್ತದೆ, ಕುದ್ದಷ್ಟೂ ಹದ ಬರುತ್ತದೆ. ಕೊತ್ತಂಬರಿ ಸೊಪ್ಪಿನ ಹಾಗೆ ಇಳಿಸುವ ಮುಂದೆ ಮೇಲೆ ಉದುರಿಸುವ ಸೊಪ್ಪಲ್ಲ ಇದು. ಒಗ್ಗರಣೆಯಲ್ಲೇ ಹೋಗಬೇಕು. ಥೈಮಾಲ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಎಣ್ಣೆ ತುಪ್ಪದಲ್ಲಿ ಚೆನ್ನಾಗಿ ಬಿಟ್ಟುಕೊಳ್ಳುತ್ತದೆ. ಕಾದ ಎಣ್ಣೆಗೆ ಮೊದಲು ಬೆಳ್ಳುಳ್ಳಿ, ಅದರ ಬೆನ್ನಿಗೇ ಥೈಮ್. ಬೆಳ್ಳುಳ್ಳಿ ಕೆಂಪಾಗುವ ಮುಂಚೆ ಉಳ್ಳಾಗಡ್ಡಿ. ಇಷ್ಟು ಕ್ರಮ ಹಿಡಿದರೆ ಸಾಕು.

ಎಲೆ ಬಿಡಿಸುವುದಕ್ಕೂ ಒಂದು ಕೈಚಳಕ ಇದೆ. ಕಡ್ಡಿಯ ತುದಿಯನ್ನು ಎಡಗೈಯಲ್ಲಿ ಹಿಡಿಯಬೇಕು. ಬಲಗೈಯ ಎರಡು ಬೆರಳನ್ನು ತುದಿಯಿಂದ ಬುಡದ ಕಡೆಗೆ, ಅಂದರೆ ಎಲೆ ಬೆಳೆದ ದಿಕ್ಕಿಗೆ ವಿರುದ್ಧವಾಗಿ, ಎಳೆಯಬೇಕು. ಎಲೆಗಳೆಲ್ಲ ಸರ್ರಂತ ಉದುರಿ ತಟ್ಟೆಗೆ ಬೀಳುತ್ತವೆ, ಕೈಯಲ್ಲಿ ಬರೀ ಕಡ್ಡಿ ಉಳಿಯುತ್ತದೆ. ಒಂದೊಂದೇ ಎಲೆ ಕೀಳುತ್ತ ಕೂತರೆ ರೊಟ್ಟಿ ಬಡಿಯುವ ಹೊತ್ತು ಮೀರುತ್ತದೆ. ಕುದಿಯುವ ಅಡುಗೆಗಾದರೆ ಕಡ್ಡಿಯನ್ನೇ ಇಡಿಯಾಗಿ ಹಾಕಿ, ಬಡಿಸುವ ಮುಂದೆ ತೆಗೆದರೂ ನಡೆಯುತ್ತದೆ. ಫ್ರೆಂಚರು ಥೈಮ್, ಪಾರ್ಸ್ಲಿ ಸೊಪ್ಪು, ನಮ್ಮ ಪಲಾವ್ ಎಲೆಯಂಥ ಬೇ ಎಲೆ ಸೇರಿಸಿ ದಾರದಲ್ಲಿ ಕಟ್ಟಿ ಪಾತ್ರೆಗೆ ಇಳಿಬಿಡುತ್ತಾರೆ. ಅದೂ ಇದೇ ಉಪಾಯ.

ಈಗ ನಮ್ಮ ಊಟಕ್ಕೆ ಬರೋಣ. ಥೈಮ್‌ಗೆ ನಮ್ಮಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ಪಾಸ್ತಾ ಅಲ್ಲ, ಬಿಳಿಜೋಳದ ರೊಟ್ಟಿ. ಜೋಳಕ್ಕೆ ಒಂದು ಸಪ್ಪೆ ಸಿಹಿ ಇದೆಯಲ್ಲ, ಅದರ ಪಕ್ಕದಲ್ಲಿ ಈ ಖಾರವಲ್ಲದ ಘಾಟು ಚೆಂದ ಕೂರುತ್ತದೆ. ಸಣ್ಣ ಸೌಟಿನಲ್ಲಿ ತುಪ್ಪ ಇಲ್ಲವೇ ಮನೆಯ ಬೆಣ್ಣೆ ಕರಗಿಸಿ, ಜಜ್ಜಿದ ಬೆಳ್ಳುಳ್ಳಿ, ಒಂದು ಚಮಚ ಥೈಮ್ ಎಲೆ, ಚಿಟಿಕೆ ಉಪ್ಪು. ಎಲೆ ಚಿಟಪಟ ಅಂದ ಕೂಡಲೇ ಉರಿ ಆರಿಸಿಬಿಡಿ. ಹಂಚಿನಿಂದ ಇಳಿದ ರೊಟ್ಟಿಯ ಮೇಲಿನ ಪದರ ಉಬ್ಬಿರುತ್ತದೆ. ಅದನ್ನು ಬೆರಳಲ್ಲಿ ಸ್ವಲ್ಪ ಹರಿದು, ಆ ತುಪ್ಪವನ್ನು ಒಳಗೆ ಬಿಡಿ. ಮೇಲೆ ಹಚ್ಚಬೇಡಿ, ಒಳಗೆ ಬಿಡಿ. ಹಬೆಯ ಜೊತೆ ವಾಸನೆ ಒಳಗೇ ಉಳಿಯುತ್ತದೆ. ಪಕ್ಕದಲ್ಲಿ ಒಂದು ಹಸಿ ಉಳ್ಳಾಗಡ್ಡಿ ಇದ್ದರೆ ನಮ್ಮನೆಯಲ್ಲಿ ಆ ದಿನ ಪಲ್ಯ ಕೇಳುವವರಿಲ್ಲ.

ಎರಡನೆಯದು ಝುಣಕ. ಕಡಲೆಹಿಟ್ಟು ಹೊಟ್ಟೆ ಉಬ್ಬಿಸುತ್ತದೆ ಅಂತ ನಮ್ಮವರು ಮೊದಲಿನಿಂದಲೂ ಅದಕ್ಕೆ ಅಜವಾನದ ಜೊತೆ ಹಾಕಿದ್ದಾರೆ. ಆ ಜಾಗದಲ್ಲಿ ಥೈಮ್ ಹಾಕಿದರೆ ಝುಣಕದ ಒರಟುತನ ಸ್ವಲ್ಪ ಕಡಿಮೆಯಾಗುತ್ತದೆ. ಇಂಗು ಮಾತ್ರ ಬೇಡ, ಇಂಗು ಬಂದರೆ ಥೈಮ್ ಬಾಯಿ ಮುಚ್ಚಿಕೊಳ್ಳುತ್ತದೆ. ಮಡಕಿ ಕಾಳು, ಅಲಸಂದಿ ಕಾಳು ಬೇಯಿಸುವಾಗ ಎರಡು ಕಡ್ಡಿ ಹಾಕಿದರೂ ಒಳ್ಳೆಯದು. ಕಾಳಿಗೂ ಇದಕ್ಕೂ ಹಳೆಯ ಸ್ನೇಹ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳಲ್ಲೂ ಥೈಮನ್ನು ಬೀನ್ಸ್ ಕಾಳಿನ ಜೊತೆ ಬಳಸುತ್ತಾರೆ. ಅರಬ್ ದೇಶಗಳಲ್ಲಿ ದುಡಿದು ಬಂದವರಿಗೆ ಝಾತರ್ ಗೊತ್ತಿರುತ್ತದೆ. ಥೈಮ್ ಜಾತಿಯ ಒಣ ಎಲೆ, ಹುರಿದ ಎಳ್ಳು, ಸುಮಾಕ್ ಎಂಬ ಹುಳಿ ಹಣ್ಣಿನ ಪುಡಿ, ಉಪ್ಪು ಸೇರಿಸಿ ಮಾಡುವ ಪುಡಿ ಅದು. ಎಣ್ಣೆಯಲ್ಲಿ ಕಲಸಿ ರೊಟ್ಟಿಗೆ ಹಚ್ಚಿ ತಿನ್ನುತ್ತಾರೆ. ಶೇಂಗಾ ಹಿಂಡಿಗೆ ಎಣ್ಣೆ ಹಾಕಿಕೊಂಡು ರೊಟ್ಟಿ ಮುರಿಯುವ ನಮಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆಲೂಗಡ್ಡೆ, ಟೊಮೆಟೊ, ಅಣಬೆ, ಮೊಟ್ಟೆ, ಕೋಳಿ, ಇವಕ್ಕೆಲ್ಲ ಥೈಮ್ ಒಪ್ಪುತ್ತದೆ. ಜಾಸ್ತಿ ವಿವರಿಸುವುದಿಲ್ಲ, ಯಾವ ಅಡುಗೆ ವಿಡಿಯೋದಲ್ಲೂ ಸಿಗುತ್ತದೆ. ಎಲ್ಲಿ ಹಾಕಬಾರದು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಬದನೆಕಾಯಿ ಎಣ್ಣೆಗಾಯಿಗೆ ಹಾಕಬೇಡಿ. ಗುರೆಳ್ಳು, ಶೇಂಗಾ, ಕೊಬ್ಬರಿ, ಮಸಾಲಿ ಖಾರ ಎಲ್ಲ ಸೇರಿ ಮಾತಾಡುವಾಗ ಥೈಮ್ ಇದ್ದೂ ಇಲ್ಲದ ಹಾಗೆ. ಪುಂಡಿಪಲ್ಯಕ್ಕೂ ಬೇಡ, ಆ ಹುಳಿಗೆ ಇದು ಕಹಿಯಾಗುತ್ತದೆ. ಇನ್ನು ಮಿರ್ಚಿ ಭಜಿಗೆ ಅಜವಾನವೇ ಸರಿ. ನಮ್ಮ ಅತ್ತೆ ಈ ವಿಷಯದಲ್ಲಿ ಮಾತಿಗೂ ಅವಕಾಶ ಕೊಡುವುದಿಲ್ಲ, ನಾನೂ ಕೇಳುವುದಿಲ್ಲ.

ಬೇಸಿಗೆಗೆ ಒಂದು ಪಾನಕ ಇದೆ. ಸಕ್ಕರೆ ಪಾಕ ಕುದಿಯುವಾಗ ನಾಲ್ಕಾರು ಥೈಮ್ ಕಡ್ಡಿ ಹಾಕಿ, ಮುಚ್ಚಿ ಆರಲು ಬಿಡಿ. ಸೋಸಿ ಸೀಸೆಗೆ ತುಂಬಿ ಫ್ರಿಜ್‌ನಲ್ಲಿಟ್ಟರೆ ವಾರದ ಮೇಲೂ ಇರುತ್ತದೆ. ಎರಡು ಚಮಚ ಪಾಕ, ಅರ್ಧ ಲಿಂಬೆ, ತಣ್ಣೀರು, ಚೂರು ಉಪ್ಪು. ಲಿಂಬೆಗೆ ನಮ್ಮ ಜಿಲ್ಲೆಯಲ್ಲಿ ಏನು ಕೊರತೆ? ಇಂಡಿ ತಾಲ್ಲೂಕಿನ ಲಿಂಬೆಗೆ ಈಗ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಮಜ್ಜಿಗೆಗೂ ಹಾಕಬಹುದು. ಎಲೆಯನ್ನು ಉಪ್ಪಿನ ಜೊತೆ ಕಲ್ಲಿನಲ್ಲಿ ಅರೆದು ಕಲಸಬೇಕು, ಸುಮ್ನೆ ಮೇಲೆ ತೇಲಿಸಿದರೆ ಏನೂ ಸಿಗುವುದಿಲ್ಲ.

ಇನ್ನು ಕೆಮ್ಮಿನ ಮಾತು. ಇಲ್ಲಿ ಥೈಮ್‌ಗೆ ನಿಜವಾದ ಹೆಸರಿದೆ. ಜರ್ಮನಿಯಲ್ಲಿ ಥೈಮ್ ಸಿರಪ್ ಔಷಧಿ ಅಂಗಡಿಯಲ್ಲಿ ಮಾರುವ ವಸ್ತು. ಅಲ್ಲಿನ ಸರ್ಕಾರ ಗಿಡಮೂಲಿಕೆಗಳನ್ನು ಪರಿಶೀಲಿಸಲು ಮಾಡಿದ್ದ ಕಮಿಷನ್ ಇ ಎಂಬ ತಜ್ಞರ ಸಮಿತಿ ಶ್ವಾಸನಾಳದ ಉರಿಯೂತ, ನಾಯಿಕೆಮ್ಮಿನ ತೊಂದರೆಗಳಿಗೆ ಥೈಮನ್ನು ಒಪ್ಪಿತ್ತು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ನೆಗಡಿಯ ಜೊತೆ ಬರುವ ಕಫದ ಕೆಮ್ಮಿಗೆ ಇದನ್ನು ಸಾಂಪ್ರದಾಯಿಕ ಬಳಕೆಯ ಔಷಧಿ ಅಂತ ಪಟ್ಟಿ ಮಾಡಿದೆ. ಸಾಂಪ್ರದಾಯಿಕ ಅನ್ನುವುದನ್ನು ಗಮನಿಸಿ. ಬಹಳ ಕಾಲದಿಂದ ಬಳಸುತ್ತ ಬಂದಿದ್ದಾರೆ, ತೊಂದರೆ ಕಂಡಿಲ್ಲ, ಉಪಯೋಗ ಆಗುವ ಹಾಗೆ ತೋರುತ್ತದೆ. ಅಷ್ಟೇ ಅದರ ಅರ್ಥ. ನಮ್ಮ ಹಿಮಾಲಯದ ತಪ್ಪಲಿನಲ್ಲೂ ಥೈಮ್‌ನ ಒಂದು ಕಾಡು ಜಾತಿ ಬೆಳೆಯುತ್ತದೆ, ಅಲ್ಲಿನ ಗುಡ್ಡಗಾಡು ಜನ ನೆಗಡಿ ಬಂದರೆ ಅದರ ಚಹಾ ಕುಡಿಯುತ್ತಾರೆ.

ಮಾಡುವುದು ಕಷ್ಟ ಏನಿಲ್ಲ. ಒಂದು ಚಹಾದ ಕಪ್ಪಿನಷ್ಟು, ಸುಮಾರು 150 ಮಿ.ಲೀ. ಕುದಿಯುವ ನೀರಿಗೆ 1ರಿಂದ 2 ಗ್ರಾಂ ಒಣ ಥೈಮ್, ಅಂದರೆ ಒಂದು ಸಣ್ಣ ಚಮಚ. ಹಸಿ ಎಲೆಯಾದರೆ ಮೂರು ಪಟ್ಟು. ಹಾಕಿದ ಕೂಡಲೇ ಉರಿ ಆರಿಸಿ ತಾಟು ಮುಚ್ಚಿಬಿಡಬೇಕು. ಹತ್ತು ನಿಮಿಷ ಹಾಗೇ ಬಿಡಬೇಕು. ಮುಚ್ಚುವುದು ಮುಖ್ಯ. ಕೆಲಸ ಮಾಡುವುದೇ ಆ ವಾಸನೆ, ಅದು ಹಬೆಯ ಜೊತೆ ಹಾರಿಹೋದರೆ ಉಳಿಯುವುದು ಬಣ್ಣದ ನೀರು. ಮನೆಯಲ್ಲಿ ಕಷಾಯ ಅಂದರೆ ತೆರೆದ ಬೋಗಾಣಿಯಲ್ಲಿ ಅರ್ಧಕ್ಕಿಳಿಯುವವರೆಗೆ ಕುದಿಸುವ ರೂಢಿ. ಶುಂಠಿ, ಮೆಣಸಿಗೆ ಅದು ಸರಿ, ಥೈಮ್‌ಗೆ ಅಲ್ಲ. ಇಳಿಸಿ ಸೋಸಿ ಬೆಲ್ಲವೋ ಜೇನೋ ಹಾಕಿಕೊಂಡು ದಿನಕ್ಕೆ ಮೂರು ಸಲ ಕುಡಿದರೆ ಗಂಟಲಿಗೆ ಹಿತ, ಕಫ ಸಡಿಲ ಆಗುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ನೆಕ್ಕಿಸಲೇಬಾರದು, ಹಿರಿಯರು ಎಷ್ಟೇ ಹೇಳಲಿ. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವನ್ನು ತಡೆಯುವ ಶಕ್ತಿ ಅಷ್ಟು ಸಣ್ಣ ಕರುಳಿಗೆ ಇರುವುದಿಲ್ಲ.

ವಾರವಾದರೂ ಕೆಮ್ಮು ನಿಲ್ಲದಿದ್ದರೆ, ಜ್ವರ ಏರಿದರೆ, ಉಸಿರಾಡಲು ಕಷ್ಟ ಆದರೆ, ಕಫದಲ್ಲಿ ರಕ್ತ ಕಂಡರೆ ಥೈಮ್ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಬೇಕು. ನಮ್ಮ ಕಡೆ ಎರಡು ವಾರ ಮೀರಿದ ಕೆಮ್ಮನ್ನೂ "ಧೂಳಿಂದ ಬಂದದ" ಅಂದು ತಳ್ಳಿಬಿಡುತ್ತಾರೆ. ಧೂಳು ನಿಜ, ಕ್ಷಯವೂ ನಿಜ. ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ಪರೀಕ್ಷೆ ಪುಕ್ಕಟೆ ಮಾಡುತ್ತಾರೆ.

ಸೀಸೆಯಲ್ಲಿ ಸಿಗುವ ಥೈಮ್ ಎಣ್ಣೆಯ ಬಗ್ಗೆ ನಾನು ಸ್ವಲ್ಪ ಕಠಿಣ. ಅದನ್ನು ಕುಡಿಯಬಾರದು, ಒಂದು ಹನಿಯೂ ಬೇಡ. ಏನೂ ಬೆರೆಸದೆ ಚರ್ಮಕ್ಕೆ ಹಚ್ಚಿದರೆ ಸುಡುತ್ತದೆ. ಚಿಕ್ಕ ಮಕ್ಕಳ ಮೂಗಿನ ಹತ್ತಿರ ಒಯ್ಯಲೇಬಾರದು. ಎಲೆಯಲ್ಲಿ ನೂರಕ್ಕೆ ಒಂದೆರಡು ಪಾಲು ಇರುವುದನ್ನು ಬಟ್ಟಿ ಇಳಿಸಿ ಒಟ್ಟು ಮಾಡಿದ್ದು ಅದು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಕೊಕ್ಕೆಹುಳದ ರೋಗಕ್ಕೆ ಶುದ್ಧ ಥೈಮಾಲನ್ನೇ ಔಷಧಿಯಾಗಿ ಕೊಡುತ್ತಿದ್ದರು. ಹುಳ ಸಾಯುತ್ತಿತ್ತು, ಆದರೆ ಔಷಧಿ ತಗೊಂಡ ದಿನ ಎಣ್ಣೆ, ಜಿಡ್ಡು, ಮದ್ಯ ಮುಟ್ಟಬಾರದು ಅಂತ ಕಟ್ಟುನಿಟ್ಟು ಇತ್ತು. ಜಿಡ್ಡಿನ ಜೊತೆ ಅದು ರಕ್ತಕ್ಕೆ ಇಳಿದರೆ ರೋಗಿಗೇ ವಿಷ. ಮುಂದೆ ಬೇರೆ ಔಷಧಿಗಳು ಬಂದು ಅದು ಹಿಂದೆ ಸರಿಯಿತು. ಅಡುಗೆಗೆ ಹಾಕುವ ಎಲೆಗೆ ಈ ಭಯ ಇಲ್ಲ. ಆದರೂ ಬಸುರಿಯರು ಕಷಾಯದ ಮಟ್ಟಿಗೆ ದಿನಾ ಕುಡಿಯುವುದು ಬೇಡ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ಕುಡಿಯಲಿ. ತುಳಸಿ, ಪುದೀನ ಆಗಿಬರದವರಿಗೆ ಇದೂ ಆಗಿಬರದೆ ಇರಬಹುದು.

ಹಾಗಾದರೆ ಥೈಮಾಲ್ ಈಗ ಎಲ್ಲಿದೆ? ಬಚ್ಚಲುಮನೆಯಲ್ಲಿ. ಬಾಯಿ ಮುಕ್ಕಳಿಸುವ ಲಿಸ್ಟರಿನ್ 1879ರಲ್ಲಿ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಯ ಗಾಯ ತೊಳೆಯುವ ದ್ರವವಾಗಿ ಹುಟ್ಟಿದ್ದು. ಅದರಲ್ಲಿ ಇವತ್ತಿಗೂ ಥೈಮಾಲ್ ಇದೆ, ನೀಲಗಿರಿ ಮತ್ತು ಪುದೀನದ ಸಾರದ ಜೊತೆಗೆ. ಜೇನು ಸಾಕುವವರೂ ಇದನ್ನು ಬಲ್ಲರು. ಯುರೋಪಿನ ಜೇನುಹುಳಕ್ಕೆ ಅಂಟುವ ವರೋವಾ ಎಂಬ ನುಸಿ ಓಡಿಸಲು ಪೆಟ್ಟಿಗೆಯೊಳಗೆ ಥೈಮಾಲ್ ಇಡುತ್ತಾರೆ. ಅದೇ ಜೇನುಹುಳಕ್ಕೆ ಥೈಮ್ ಹೂವೂ ಬಲು ಇಷ್ಟ. ಗ್ರೀಸ್‌ನಲ್ಲಿ ಅಥೆನ್ಸ್ ಊರಿನ ಪಕ್ಕದ ಹೈಮೆಟಸ್ ಬೆಟ್ಟದ ಥೈಮ್ ಜೇನು ಪುರಾತನ ಕಾಲದಿಂದ ಹೆಸರುವಾಸಿ.

ಜೀವಸತ್ವದ ಲೆಕ್ಕವನ್ನು ಬೇಗ ಮುಗಿಸುತ್ತೇನೆ. 100 ಗ್ರಾಂ ಹಸಿ ಥೈಮ್‌ನಲ್ಲಿ ಸುಮಾರು 160 ಮಿ.ಗ್ರಾಂ. ಸಿ ಜೀವಸತ್ವ ಇದೆ, ಕಿತ್ತಳೆಗಿಂತ ಮೂರು ಪಟ್ಟು ಅಂತ ಬರೆಯುತ್ತಾರೆ. ಸುಳ್ಳಲ್ಲ. ಆದರೆ 100 ಗ್ರಾಂ ಥೈಮ್ ತಿನ್ನುವವರು ಯಾರು? ಪಲ್ಯಕ್ಕೆ ಬೀಳುವುದು ಒಂದು ಚಮಚ, ಅದು ಒಂದು ಗ್ರಾಂ ಕೂಡ ತೂಗುವುದಿಲ್ಲ. ಸಿಗುವ ಸಿ ಜೀವಸತ್ವ ಒಂದೂವರೆ ಮಿಲಿಗ್ರಾಂ ಒಳಗೇ, ಅದರಲ್ಲೂ ಒಂದಷ್ಟು ಒಲೆಯ ಮೇಲೆ ಹೋಗುತ್ತದೆ. ಅರ್ಧ ಪೇರಲ ಹಣ್ಣು ತಿಂದರೆ ಇದರ ಎಷ್ಟೋ ಪಟ್ಟು ಸಿಕ್ಕೀತು. ಕಬ್ಬಿಣಾಂಶದ ಕಥೆಯೂ ಹೀಗೇ. ಇನ್ನು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಥೈಮ್ ಎಣ್ಣೆ ಯಾವುದೋ ಕೋಶ ಕೊಂದಿತು ಅನ್ನುವುದನ್ನು ನಮ್ಮ ಮೈಯೊಳಗಿನ ರೋಗ ವಾಸಿಯಾಗುತ್ತದೆ ಅಂತ ಓದಿಕೊಳ್ಳುವುದು ಬೇಡ.

ಸೊಳ್ಳೆಯ ವಿಷಯವೂ ಅಷ್ಟೇ. ಥೈಮ್ ಎಣ್ಣೆಯ ವಾಸನೆಗೆ ಸೊಳ್ಳೆ ಸ್ವಲ್ಪ ಹೊತ್ತು ದೂರ ಇರುತ್ತದೆ. ಕುಂಡದಲ್ಲಿ ಗಿಡ ಇಟ್ಟ ಮಾತ್ರಕ್ಕೆ ಏನೂ ಆಗುವುದಿಲ್ಲ. ನಮ್ಮ ಗಿಡದ ಪಕ್ಕದಲ್ಲೇ ಕೂತು ನಾನು ಕಡಿಸಿಕೊಂಡಿದ್ದೇನೆ. ಒಣ ಕಡ್ಡಿಗಳನ್ನು ತೆಳು ಬಟ್ಟೆಯಲ್ಲಿ ಕಟ್ಟಿ ರೇಷ್ಮೆ ಸೀರೆಗಳ ನಡುವೆ ಇಡುವುದು ಮಾತ್ರ ರೂಢಿಯಾಗಿದೆ. ನುಸಿಗುಳಿಗೆಯ ವಾಸನೆ ತಲೆಗೆ ಹತ್ತುವವರಿಗೆ ಇದು ಒಳ್ಳೆಯದು, ಆದರೆ ಎರಡು ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಬಾಣಂತಿ ಕೋಣೆಗೆ ಅಜವಾನದ ಹೊಗೆ ಹಾಕುತ್ತಾರಲ್ಲ, ಆ ಜಾಗದಲ್ಲಿ ಥೈಮ್ ಕಡ್ಡಿ ಹಾಕಬಹುದಾ ಅಂತ ಪಕ್ಕದ ಮನೆಯವರು ಕೇಳಿದ್ದರು. ವಾಸನೆ ಬರುತ್ತದೆ. ಆದರೆ ಹೊಗೆ ಯಾವುದಾದರೂ ಹೊಗೆಯೇ, ಎಳೆಗೂಸಿನ ಶ್ವಾಸಕೋಶಕ್ಕೆ ಎರಡೂ ಬೇಡ ಅಂತ ನನ್ನ ಅಭಿಪ್ರಾಯ. ಕೇಳಿದವರಿಗೆ ಅದು ಹಿಡಿಸಲಿಲ್ಲ.

ಬೆಳೆಸುವ ವಿಷಯಕ್ಕೆ ಬಂದರೆ, ಬಿಜಾಪುರದ ಹವೆ ಥೈಮ್‌ಗೆ ಬೆಳಗಾವಿಗಿಂತ ಚೆನ್ನಾಗಿ ಒಗ್ಗುತ್ತದೆ. ಬೆಳಗಾವಿಯಲ್ಲಿರುವ ನನ್ನ ತಂಗಿ ಇದನ್ನು ಒಪ್ಪುವುದಿಲ್ಲ. ಅವಳ ಊರು ತಂಪು, ಗಿಡದ ಊರು. ಆದರೆ ಥೈಮ್‌ನ ತವರು ಮೆಡಿಟರೇನಿಯನ್ ತೀರದ ಕಲ್ಲುಗುಡ್ಡ. ಅಲ್ಲಿ ಬಿಸಿಲು ಜಾಸ್ತಿ, ಮಳೆ ಕಡಿಮೆ, ಮಣ್ಣು ಬಡಕಲು. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಬೆಳಗಾವಿಯಲ್ಲಿ ಅದರ ಎರಡರಷ್ಟು, ಅದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಜಿಟಿಜಿಟಿ. ಥೈಮ್ ಬಾಯಾರಿ ಸಾಯುವುದು ಅಪರೂಪ, ಬೇರು ಕೊಳೆತು ಸಾಯುವುದೇ ಹೆಚ್ಚು. ತಂಗಿಯ ಗಿಡ ಪ್ರತಿ ಮಳೆಗಾಲದಲ್ಲಿ ಬುಡದಿಂದ ಕಪ್ಪಾಗುತ್ತದೆ, ಅವಳು ಪ್ರತಿ ದೀಪಾವಳಿಗೆ ನರ್ಸರಿಯಿಂದ ಹೊಸದು ತರುತ್ತಾಳೆ.

ನಮ್ಮಲ್ಲಿ ತೊಡಕು ಇರುವುದು ಮಣ್ಣಿನಲ್ಲಿ. ಎರಿ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಬಿಳಿಜೋಳ ಬೆಳೆಯುವುದೇ ಅದು ನೀರು ಹಿಡಿದಿಡುತ್ತದೆ ಅನ್ನುವ ಕಾರಣಕ್ಕೆ. ಹಿಂಗಾರಿಯಲ್ಲಿ ಮೇಲೆ ಮಳೆ ಇಲ್ಲದಿದ್ದರೂ ಒಳಗಿನ ತೇವದಲ್ಲೇ ಜೋಳ ತೆನೆ ಬಿಡುತ್ತದೆ. ಜೋಳಕ್ಕೆ ವರವಾದ ಆ ಗುಣವೇ ಥೈಮ್‌ಗೆ ಶಾಪ. ಎರಿ ಮಣ್ಣಿನ ಕ್ಷಾರ ಇದಕ್ಕೆ ಇಷ್ಟವೇ, ಆ ಜಿಗುಟು ಮಾತ್ರ ಬೇಡ. ಹಾಗಾಗಿ ಕುಂಡಕ್ಕೆ ಅರ್ಧ ಪಾಲು ಗರಸು ಇಲ್ಲವೇ ದಪ್ಪ ಮರಳು, ಕಾಲು ಪಾಲು ಕೆಂಪು ಮಣ್ಣು, ಕಾಲು ಪಾಲು ಚೆನ್ನಾಗಿ ಕಳಿತ ಹಳೆ ಗೊಬ್ಬರ. ಮಣ್ಣಿನ ಕುಂಡವೇ ಆಗಬೇಕು, ಪ್ಲಾಸ್ಟಿಕ್ ಬೇಡ. ಗೊಬ್ಬರ ಸುರಿದರೆ ಗಿಡ ಹುಲುಸಾಗುತ್ತದೆ, ವಾಸನೆ ತೆಳುವಾಗುತ್ತದೆ. ಬೆರಳು ಮಣ್ಣಿಗೆ ಚುಚ್ಚಿ ನೋಡಿ, ಎರಡು ಗೆಣ್ಣಿನ ಆಳದವರೆಗೆ ಒಣಗಿದ್ದರೆ ಮಾತ್ರ ನೀರು. ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಮಾಳಿಗೆಯ ಫರಸಿಯೇ ಹಂಚಾಗುತ್ತದೆ. ಆಗ ಕುಂಡವನ್ನು ಇಟ್ಟಂಗಿಯ ಮೇಲೆ ಎತ್ತರಿಸಿ, ಪೂರ್ವಕ್ಕೆ ಮುಖ ಮಾಡಿದ ಗೋಡೆಯ ಪಕ್ಕಕ್ಕೆ ಸರಿಸಿ. ಬೆಳಗಿನ ಬಿಸಿಲು ಸಾಕು.

ಹೂ ಬಂದು ಹೋದ ಮೇಲೆ ಮೂರರಲ್ಲಿ ಒಂದು ಪಾಲು ಕತ್ತರಿಸಿ. ಹಸಿರು ಇರುವಲ್ಲಿಗೇ ಕತ್ತರಿ ನಿಲ್ಲಲಿ. ಬುಡದ ಒಣಗಟ್ಟಿ ಕಟ್ಟಿಗೆಗೆ ಕತ್ತರಿ ಹಾಕಿದರೆ ಅಲ್ಲಿಂದ ಮತ್ತೆ ಚಿಗುರುವುದು ಕಷ್ಟ. ಮೂರ್ನಾಲ್ಕು ವರ್ಷಕ್ಕೆ ಗಿಡವೇ ಕಟ್ಟಿಗೆಯಾಗುತ್ತದೆ, ಆಗ ಹೊಸದು ಮಾಡಿಕೊಳ್ಳಬೇಕು.

ಕತ್ತರಿಸಿದ್ದನ್ನು ಒಣಗಿಸುವ ಕಲೆ ನಮ್ಮ ಜಿಲ್ಲೆಗೆ ಹೊಸದಲ್ಲ. ತಿಕೋಟಾ ಕಡೆ ಹೋದರೆ ರಸ್ತೆ ಪಕ್ಕದಲ್ಲಿ ಒಣದ್ರಾಕ್ಷಿಯ ಶೆಡ್ಡುಗಳು ಕಾಣುತ್ತವೆ. ಮೇಲೆ ಮಾಡು, ನಾಲ್ಕೂ ಕಡೆ ಗಾಳಿ, ನಡುವೆ ಅಂತಸ್ತು ಅಂತಸ್ತಾಗಿ ಬಲೆ, ಬಲೆಯ ಮೇಲೆ ದ್ರಾಕ್ಷಿ. ನೇರ ಬಿಸಿಲಿಗೆ ಹಾಕಿದರೆ ಬಣ್ಣ ಕಂದಾಗಿ ಬೆಲೆ ಬೀಳುತ್ತದೆ ಅಂತ ಅವರು ನೆರಳಲ್ಲೇ ಒಣಗಿಸುತ್ತಾರೆ. ಥೈಮ್‌ಗೂ ಇದೇ ನಿಯಮ. ಬಿಸಿಲಿನಲ್ಲಿ ಒಣಗಿಸಿದರೆ ಸುವಾಸನೆಯ ಎಣ್ಣೆ ಹಾರಿಹೋಗುತ್ತದೆ. ಕಡ್ಡಿಗಳನ್ನು ಸಣ್ಣ ಕಟ್ಟು ಮಾಡಿ ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿ. ನಮ್ಮ ಒಣ ಹವೆಗೆ ವಾರದೊಳಗೆ ಗರಿಗರಿ. ಎಲೆ ಉದುರಿಸಿ, ಪುಡಿ ಮಾಡದೆ ಇಡಿಯಾಗಿಯೇ ಸೀಸೆಗೆ ತುಂಬಿ, ಒಲೆಯಿಂದ ದೂರ, ಕತ್ತಲಲ್ಲಿಡಿ. ಪುಡಿ ಮಾಡುವುದು ಹಾಕುವ ಹೊತ್ತಿಗೆ, ಅಂಗೈಯಲ್ಲಿ. ಬಹಳ ಸೊಪ್ಪು ಒಣಗಿದರೆ ಹುಲ್ಲಾಗುತ್ತವೆ, ಕೊತ್ತಂಬರಿ ನೋಡಿದ್ದೀರಲ್ಲ. ಥೈಮ್ ಒಣಗಿದ ಮೇಲೂ ಹೆಚ್ಚುಕಡಿಮೆ ಒಂದು ವರ್ಷ ತನ್ನತನ ಬಿಡುವುದಿಲ್ಲ.

ದುಡ್ಡು ಕೊಟ್ಟು ಕೊಳ್ಳಬೇಕಾ ಅಂತ ಕೇಳಿದರೆ, ಬೇಡ ಅಂತೀನಿ. ಬೆರಳುದ್ದದ ಸೀಸೆಯಲ್ಲಿ ಬರುವ ಒಣ ಥೈಮ್‌ನ ಬೆಲೆಗೆ ಕಿರಾಣಿ ಅಂಗಡಿಯಲ್ಲಿ ಎಷ್ಟೊಂದು ಅಜವಾನ ಬರುತ್ತದೆ, ಅದು ವರ್ಷವಿಡೀ ಸಾಕು. ಮೇಲಾಗಿ ಆ ಸೀಸೆ ಎಷ್ಟು ದಿನದಿಂದ ಅಂಗಡಿಯ ದೀಪದ ಕೆಳಗೆ ಕೂತಿತ್ತೋ ಯಾರಿಗೆ ಗೊತ್ತು. ಗಿಡ ಇದ್ದರೆ ಬೇರೆ ಮಾತು. ಬೀಜ ಹಾಕಿ ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಧೂಳಿನಷ್ಟು ಸಣ್ಣ ಬೀಜ, ಮೊಳೆಯಲು ಎರಡು ಮೂರು ವಾರ ಬೇಕು. ಯಾರದಾದರೂ ಗಿಡದಿಂದ ಬೆರಳುದ್ದದ ಹಸಿರು ಕಡ್ಡಿ ತಂದು, ಕೆಳಗಿನ ಎಲೆ ತೆಗೆದು, ಒದ್ದೆ ಮರಳಿನಲ್ಲಿ ಚುಚ್ಚಿ ನೆರಳಲ್ಲಿಟ್ಟರೆ ಮೂರ್ನಾಲ್ಕು ವಾರಕ್ಕೆ ಬೇರು ಬಿಡುತ್ತದೆ. ಇನ್ನೂ ಸುಲಭ ಅಂದರೆ ತಾಯಿ ಗಿಡದ ಒಂದು ಕೊಂಬೆಯನ್ನು ಪಕ್ಕದ ಕುಂಡದ ಮಣ್ಣಿಗೆ ಬಗ್ಗಿಸಿ, ಮೇಲೊಂದು ಕಲ್ಲು ಹೇರಿ ಬಿಟ್ಟುಬಿಡುವುದು. ಬೇರು ಬಂದ ಮೇಲೆ ನಡುವೆ ಕತ್ತರಿಸಿದರೆ ಎರಡು ಗಿಡ.

ನಮ್ಮ ಓಣಿಯಲ್ಲಿ ಕೇಳಿದವರಿಗೆಲ್ಲ ನಾನು ಕಡ್ಡಿ ಕೊಡುತ್ತೇನೆ. ಮೇ ತಿಂಗಳಲ್ಲಿ ಮಾತ್ರ ಕೊಡುವುದಿಲ್ಲ, ಯಾರೇ ಕೇಳಲಿ. ಮೃಗಶಿರದ ಮಳೆ ಒಂದೆರಡು ಬಿದ್ದು ಹವೆ ತಣ್ಣಗಾದ ಮೇಲೆ ಬನ್ನಿ, ಬರುವಾಗ ಒಂದು ಡಬ್ಬಿಯಲ್ಲಿ ಒದ್ದೆ ಮರಳು ತನ್ನಿ.